ಮಾಡ್‌ಮೀಮಾಂಸಾ ಪ್ರವೇಶಿಕೆ

ಶಾಸ್ತ್ರಗ್ರಂಥ ಎಂದಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಒಪ್ಪಿಸಬೇಕು. ಒಪ್ಪಿಸದಿದ್ದರೆ ಪಂಡಿತರು ಗ್ರಂಥವನ್ನು ಓದುವುದಿಲ್ಲ. ಒಪ್ಪಿಸಿದರೂ ಓದುವುದಿಲ್ಲ, ಆದರೆ ಓದದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಆದಕಾರಣ ಹೇಳುತ್ತೇವೆ. ವಿಷಯ: ವಿಡಿಯೊ ಗೇಮಿಗೆ ಅದರ ಕರ್ತೃವಲ್ಲದವರು ಹಚ್ಚುವ ತೇಪೆ, ಲೋಕದಲ್ಲಿ ಮಾಡ್ ಎಂದು ಪ್ರಸಿದ್ಧ. ಪ್ರಯೋಜನ: ಹಚ್ಚಿದ್ದು ನಿಲ್ಲುವುದು. ಸಂಬಂಧ: ಮಾಡಿಗೂ ಗೇಮಿಗೂ ಇರುವಂಥದ್ದು, ಮುಂದಿನ ಅಪ್‌ಡೇಟಿನವರೆಗೆ ಮಾತ್ರ ಬಾಳುವಂಥದ್ದು. ಉಳಿದದ್ದು ಅಧಿಕಾರಿ, ಅಂದರೆ ಕಲಿಯಲು ಯೋಗ್ಯನಾದ ಶಿಷ್ಯ. ವೇದಾಂತಕ್ಕೆ ಬರುವವನಲ್ಲಿ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಈ ನಾಲ್ಕೂ ಇರಬೇಕೆನ್ನುತ್ತಾರೆ. ನಮ್ಮ ಶಿಷ್ಯನಲ್ಲಿ ಇರುವುದು ಕಡೆಯದೊಂದೇ, ಅದೂ ತೀವ್ರವಾಗಿ. ಮೊದಲ ಮೂರು ಇದ್ದಿದ್ದರೆ ಗೇಮನ್ನು ಒಮ್ಮೆಯೂ ಆಡಿ ನೋಡದೆ ಒಂದೇ ಸಂಜೆ 128 ಮಾಡ್ ಇಳಿಸಿಕೊಳ್ಳುತ್ತಿರಲಿಲ್ಲ.

ಗುರುಪರಂಪರೆ ಇಲ್ಲದ ಶಾಸ್ತ್ರ ಅನಾಥ. ಆದಿಯಲ್ಲಿ, ಅಂದರೆ 1983ರಲ್ಲಿ, ‘ಕ್ಯಾಸಲ್ ವೂಲ್ಫೆನ್‌ಸ್ಟೈನ್’ ಎಂಬ ಗೇಮಿನ ನಾಜಿ ಸೈನಿಕರನ್ನು ಕಿತ್ತುಹಾಕಿ ಆ ಜಾಗದಲ್ಲಿ ಕಾರ್ಟೂನಿನ ಸ್ಮರ್ಫ್‌ಗಳನ್ನು ನಿಲ್ಲಿಸಿದ ಪುಣ್ಯಾತ್ಮರಿದ್ದರು. 1993ರಲ್ಲಿ ‘ಡೂಮ್’ ಬಂದು, ಗೇಮನ್ನು ಓಡಿಸುವ ಎಂಜಿನ್ ಬೇರೆ, ನಕ್ಷೆ ಚಿತ್ರ ಸದ್ದುಗಳನ್ನು ತುಂಬಿದ ವ್ಯಾಡ್ ಕಡತ ಬೇರೆ ಎಂದು ದೇಹಾತ್ಮಭೇದವನ್ನು ಸ್ಥಾಪಿಸಿತು. ಅಲ್ಲಿಂದ ಆತ್ಮವನ್ನು ಮುಟ್ಟದೆ ದೇಹ ಬದಲಿಸುವುದು ಸುಲಭವಾಯಿತು. 1999ರಲ್ಲಿ ‘ಹಾಫ್ ಲೈಫ್’ನ ಮೇಲೆ ‘ಕೌಂಟರ್ ಸ್ಟ್ರೈಕ್’ ಎಂಬ ಮಾಡ್ ಹುಟ್ಟಿತು. ಮರುವರ್ಷವೇ ವಾಲ್ವ್ ಕಂಪನಿ ಮಾಡನ್ನೂ ಮಾಡಿದವರನ್ನೂ ಒಳಗೆ ಕರೆದುಕೊಂಡಿತು. ಪರೀಕ್ಷೆಯ ಹಿಂದಿನ ರಾತ್ರಿ ಸಿಕ್ಕಿಬಿದ್ದ ಶಿಷ್ಯರು ತಾಯಂದಿರ ಮುಂದೆ ಉದಾಹರಿಸುವ ಏಕೈಕ ಇತಿಹಾಸ ಇದು.

ನಮ್ಮ ಕಡೆಯ ಶಾಖೆ ಬಸ್ಸು ಹತ್ತಿ ಬಂತು. 2017ರ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ದಲ್ಲಿ ಜಾವಾ ದ್ವೀಪದ ರಸ್ತೆಯ ಮೇಲೆ ಐರಾವತ ಓಡಿಸುವ ಹುಡುಗರು ಕರ್ನಾಟಕದಲ್ಲಿದ್ದಾರೆ. ಬಸ್ಸಿನ ಮೈಬಣ್ಣ ಅಲ್ಲಿ ಒಂದು ಚಿತ್ರ. ಎಡಮೈ, ಬಲಮೈ, ಮೂತಿ, ಚಾವಣಿ ಎಲ್ಲವನ್ನೂ ಬಿಚ್ಚಿ ಚಪ್ಪಟೆ ಹಾಸಿರುತ್ತದೆ. ಅದರ ಮೇಲೆ ಸಾರಿಗೆ ನಿಗಮದ ಬಣ್ಣ ಬಳಿಯುವುದೇ ಅನೇಕರ ಅಕ್ಷರಾಭ್ಯಾಸ. ಕೆಲವು ಮಾದರಿಗಳಲ್ಲಿ ಎರಡೂ ಮೈಗೆ ಒಂದೇ ಚಿತ್ರವನ್ನು ಮಗುಚಿ ಹಾಕಿರುತ್ತಾರೆ. ಆಗ ಬಾಗಿಲಿನ ಕಡೆ ನೆಟ್ಟಗಿರುವ ‘ಕರ್ನಾಟಕ ಸಾರಿಗೆ’ ಡ್ರೈವರ್ ಕಡೆ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ದೋಷ ಬಣ್ಣದ್ದೂ ಅಲ್ಲ, ಬಳಿದವನದೂ ಅಲ್ಲ ಎಂದು ಹೇಳಿದರೆ ಶಿಷ್ಯ ನಂಬುವುದಿಲ್ಲ. ಮೂರು ಸಲ ಮತ್ತೆ ಬಳಿದ ಮೇಲೆ ನಂಬುತ್ತಾನೆ.

ಇನ್ನು ಪ್ರಮಾಣ ವಿಚಾರ. ಶಾಸ್ತ್ರದ ತಿರುಳೆಲ್ಲ ಇಲ್ಲಿದೆ. ಶಿಷ್ಯ ಗುರುವಿನ ಬಳಿ ಬರುವುದು ಪ್ರತ್ಯಕ್ಷ ಪ್ರಮಾಣವೊಂದನ್ನೇ ಹಿಡಿದು, ಅದೂ ತಾರ್ಕಿಕರು ನಿರ್ವಿಕಲ್ಪಕ ಎನ್ನುವ ಬಗೆಯದು: ಏನೋ ಇದೆ, ಏನೆಂದು ಗೊತ್ತಿಲ್ಲ.

“ಗುರೂ, ಮಾಡ್ ವರ್ಕ್ ಆಗ್ತಿಲ್ಲ.”

“ಏನಾಗ್ತಿದೆ?”

“ಏನೂ ಆಗ್ತಿಲ್ಲ.”

“ಗೇಮ್ ಓಪನ್ ಆಗುತ್ತಾ?”

“ಆಗುತ್ತೆ. ವರ್ಕ್ ಆಗಲ್ಲ.”

“ಲಾಗ್ ಕಳ್ಸಪ್ಪ.”

ಅರ್ಧ ಗಂಟೆಯ ಮೇಲೆ ಬರುವುದು ಲಾಗ್ ಅಲ್ಲ, ಮೊಬೈಲಿನಲ್ಲಿ ತೆಗೆದ ಮಾನಿಟರಿನ ಫೋಟೊ. ಅದು ಓರೆಯಾಗಿರುತ್ತದೆ. ಟ್ಯೂಬ್‌ಲೈಟು ಪ್ರತಿಫಲಿಸಿರುತ್ತದೆ. ಬೇಕಾದ ಸಾಲಿನ ಮೇಲೆ ಸರಿಯಾಗಿ ಮೌಸಿನ ಬಾಣ ಕೂತಿರುತ್ತದೆ.

ಗೇಮ್ ಓಡುವಾಗ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ಲಾಗ್ ಎಂಬುದು ಶಬ್ದಪ್ರಮಾಣ, ಆಪ್ತವಾಕ್ಯ. ಸುಳ್ಳು ಹೇಳಿ ಅದಕ್ಕೆ ಆಗಬೇಕಾದ್ದೇನೂ ಇಲ್ಲ. ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಗೇಮಿಗೆ ಮಾಡುಗಳನ್ನು ಹೊಂದಿಸುವ ಸ್ಮಾಪಿ ಎಂಬ ತಂತ್ರಾಂಶವಂತೂ ಯಾವ ಮಾಡನ್ನು ಹೊರಗಿಟ್ಟೆ, ಯಾಕೆ ಇಟ್ಟೆ, ಅದಕ್ಕೆ ಬೇಕಿದ್ದ ಇನ್ನಾವ ಮಾಡ್ ಇಲ್ಲ ಎಂಬುದನ್ನು ತೆರೆಯ ಮೇಲೆ ಕೆಂಪು ಅಕ್ಷರದಲ್ಲಿ ತೋರಿಸಿ ಲಾಗಿನಲ್ಲೂ ಬರೆದಿಡುತ್ತದೆ. ಇಟ್ಟಿರುವುದು ಮಾತ್ರ ವಿಂಡೋಸ್ ಬಚ್ಚಿಟ್ಟಿರುವ ಆ್ಯಪ್‌ಡೇಟಾ ಗುಹೆಯೊಳಗೆ. ಲಾಗನ್ನು ಮೇಲಿನಿಂದ ಓದಬೇಕು. ಮೊದಲ ತಪ್ಪೇ ಕಾರಣ, ಕೆಳಗಿನ ನಲವತ್ತು ಸಾಮಾನ್ಯವಾಗಿ ಅದರ ಸಂತಾನ. ಶಿಷ್ಯ ಕಳಿಸುವುದು ಯಾವಾಗಲೂ ಕಡೆಯ ಸಾಲನ್ನು.

ಶ್ರುತಿಗೆ ಭಾಷ್ಯವೂ ಬೇಕು. ಮೈನ್‌ಕ್ರಾಫ್ಟ್ ಎಂಬ ಗೇಮ್ ಕುಸಿದು ಬಿದ್ದಾಗ ಒಂದು ವರದಿ ಬರೆದು ಸಾಯುತ್ತದೆ. ಆ ವರದಿಯ ತಲೆಯಲ್ಲೇ ಒಂದು ತಮಾಷೆಯ ಸಾಲು ಇರುತ್ತದೆ, ಪ್ರತಿಸಲ ಬೇರೆ ಬೇರೆ. ಶಿಷ್ಯರು ಅದನ್ನೇ ರೋಗಲಕ್ಷಣವೆಂದು ಭಾವಿಸಿ ಅದರ ಅರ್ಥ ಕೇಳುವುದುಂಟು. ಆ ಗೇಮನ್ನು ಓಡಿಸುವ ಜಾವಾ ಎಂಬ ತಂತ್ರಾಂಶ ಹಳೆಯದಾಗಿದ್ದರೆ ಲಾಗು, ಈ ಮಾಡ್ 65ರದ್ದು, ನನಗೆ ತಿಳಿಯುವುದು 61ರವರೆಗೆ ಎಂದು ಗೊಣಗುತ್ತದೆ. ಇದು ವಯಸ್ಸೂ ಅಲ್ಲ, ಅಂಕವೂ ಅಲ್ಲ. 44 ಕಳೆಯಬೇಕು. ಮಾಡಿಗೆ ಬೇಕಾದದ್ದು ಜಾವಾ 21, ಮನೆಯಲ್ಲಿರುವುದು ಜಾವಾ 17. ಈ 44ರ ರಹಸ್ಯ ತಿಳಿದವನನ್ನು ಅಂದಿನಿಂದ ಎಲ್ಲರೂ ಗುರೂ ಎನ್ನುತ್ತಾರೆ. ಬೆಂಗಳೂರಿನಲ್ಲಿ ತಿಳಿಯದವನನ್ನೂ ಹಾಗೆಯೇ ಕರೆಯುವುದರಿಂದ ಪದವಿಯ ಬೆಲೆ ಅಷ್ಟಕ್ಕಷ್ಟೆ.

ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಅನುಪಲಬ್ಧಿ ಎಂಬ ಇನ್ನೊಂದು ಪ್ರಮಾಣವಿದೆ: ಇಲ್ಲದಿರುವುದನ್ನು ಇಲ್ಲವೆಂದು ತಿಳಿಯುವುದು. ಅಭಾವ ಕಣ್ಣಿಗೆ ಕಾಣುತ್ತದೆಯೇ ಎಂದು ನೈಯಾಯಿಕರೊಡನೆ ಶತಮಾನಗಳ ಜಗಳ. ಮಾಡ್‌ಶಾಸ್ತ್ರದಲ್ಲಿ ಆ ಜಗಳ ಮುಗಿದಿದೆ. ಕಾಣುತ್ತದೆ, ನೇರಳೆ ಬಣ್ಣದಲ್ಲಿ. ‘ಸ್ಕೈರಿಮ್’ ಎಂಬ ಗೇಮಿನಲ್ಲಿ ಒಂದು ಮನೆ ಇಡೀ ನೇರಳೆಯಾಗಿ ಹೊಳೆದರೆ ಅದರ ಮೇಲ್ಮೈ ಚಿತ್ರ ಸಿಕ್ಕಿಲ್ಲವೆಂದು ತಿಳಿಯಬೇಕು. ಮೈನ್‌ಕ್ರಾಫ್ಟಿನಲ್ಲಿ ಅದೇ ಅಭಾವ ನೇರಳೆ-ಕಪ್ಪು ಚೌಕುಳಿಯಾಗಿ ತೋರುತ್ತದೆ. “ಗುರೂ, ಈ ಪರ್ಪಲ್ ಕಲರ್ ಮಾಡ್ ತೆಗಿಯೋದ್ ಹೇಗೆ?” ಎಂಬ ಪ್ರಶ್ನೆ ಅಭಾವವನ್ನೇ ಭಾವವೆಂದು ಭ್ರಮಿಸಿದ್ದರ ಫಲ.

ಭ್ರಮೆಯ ಮಾತು ಬಂದದ್ದರಿಂದ ಮಾಯೆಯನ್ನು ವಿಚಾರಿಸೋಣ. ಮಾಯೆಗೆ ಆವರಣ, ವಿಕ್ಷೇಪ ಎಂದು ಎರಡು ಶಕ್ತಿ: ಇರುವುದನ್ನು ಮುಚ್ಚುವುದು, ಇಲ್ಲದ್ದನ್ನು ತೋರಿಸುವುದು. ಎರಡನ್ನೂ ಏಕಕಾಲಕ್ಕೆ ನಡೆಸುವುದು ಕಡತದ ಹೆಸರಿನ ಬಾಲವನ್ನು ಮರೆಮಾಡುವ ವಿಂಡೋಸಿನ ಅಭ್ಯಾಸ. ಸ್ಟಾರ್‌ಡ್ಯೂಗೆ ಮಾಡ್ ಬರೆಯುವವನು ‘ಮ್ಯಾನಿಫೆಸ್ಟ್ ಡಾಟ್ ಜೇಸನ್’ ಎಂಬ ಕಡತ ಇಡಬೇಕು. ಮಾಡಿನ ಹೆಸರು, ಬರೆದವನ ಹೆಸರು, ಆವೃತ್ತಿ ಇತ್ಯಾದಿ ಅದರಲ್ಲಿ. ಶಿಷ್ಯ ನೋಟ್‌ಪ್ಯಾಡಿನಲ್ಲಿ ಬರೆದು ಉಳಿಸುತ್ತಾನೆ. ಸ್ಮಾಪಿಯೋ ಮ್ಯಾನಿಫೆಸ್ಟೇ ಇಲ್ಲ ಎನ್ನುತ್ತದೆ.

“ಇದೆ ಗುರೂ! ಕಣ್ಮುಂದೆನೇ ಇದೆ! ಜೇಸನ್ ಅಂತಾನೇ ಬರ್ದಿದೆ!”

“ವ್ಯೂಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್‌ಗೆ ಟಿಕ್ ಹಾಕು.”

ಮೌನ. ಆಮೇಲೆ: “ಇದ್ಯಾವಾಗ ಬಂತು ಗುರೂ ಕೊನೇಲಿ ಟಿಎಕ್ಸ್‌ಟಿ?”

ಅದು ಬಂದದ್ದಲ್ಲ, ಮೊದಲಿನಿಂದಲೂ ಇದ್ದದ್ದು. ‘ಮ್ಯಾನಿಫೆಸ್ಟ್ ಡಾಟ್ ಜೇಸನ್ ಡಾಟ್ ಟಿಎಕ್ಸ್‌ಟಿ’. ಹಗ್ಗದಲ್ಲಿ ಹಾವು ಕಂಡವನಿಗೆ ದೀಪ ತೋರಿಸಿದ ಹಾಗೆ ಎಂದು ಇಲ್ಲಿ ಉಪಮೆ ಕೊಡಬಹುದಿತ್ತು. ಆದರೆ ಅದು ಎಲ್ಲ ಗ್ರಂಥಗಳಲ್ಲೂ ಇದೆ.

ಎರಡು ಮಾಡ್ ಒಂದೇ ವಸ್ತುವನ್ನು ಬದಲಿಸಹೊರಟರೆ ಯಾವುದಕ್ಕೆ ಜಯ? ಪಾಣಿನಿ ಇದನ್ನು ಎಂದೋ ಇತ್ಯರ್ಥ ಮಾಡಿದ್ದಾನೆ: ಸಮಬಲದ ಎರಡು ಸೂತ್ರಗಳು ಎದುರುಬದುರಾದರೆ ಅಷ್ಟಾಧ್ಯಾಯಿಯಲ್ಲಿ ಮುಂದೆ ಬರುವುದೇ ಗೆಲ್ಲಬೇಕು. ಸ್ಕೈರಿಮ್ ಕೂಡ ಹಾಗೆಯೇ. ಪಟ್ಟಿಯಲ್ಲಿ ಕಡೆಗೆ ಓದಿದ ಪ್ಲಗಿನ್ನಿನದೇ, ಅಂದರೆ ಮಾಡ್ ಕಡತದ್ದೇ, ಮಾತು ನಡೆಯುವುದು. ಪಾಣಿನಿಗೆ ಸುಮಾರು 4,000 ಸೂತ್ರಗಳಿಗೆ ಜಾಗವಿತ್ತು. ಸ್ಕೈರಿಮ್ ಪ್ರತಿ ಪ್ಲಗಿನ್ನಿಗೂ ಒಂದೇ ಬೈಟಿನ ಕ್ರಮಾಂಕ ಕೊಟ್ಟದ್ದರಿಂದ 256 ಮನೆ ಮಾತ್ರ. ಅದರಲ್ಲೂ ಒಂದು ಆಟದ ನಡುವೆ ಹುಟ್ಟುವ ವಸ್ತುಗಳಿಗೆ ಮೀಸಲು, ಉಳಿದದ್ದು 255. ಹಗುರ ಪ್ಲಗಿನ್ನುಗಳು ಬಂದು ಇಕ್ಕಟ್ಟು ಸಡಿಲವಾದದ್ದು ಎಷ್ಟೋ ವರ್ಷದ ಮೇಲೆ. ನಡುವೆ ಮಾಡನ್ನು ಕಿತ್ತರೆ ಮುಗಿಯಿತೇ? ಇಲ್ಲ. ಅದರ ಸ್ಕ್ರಿಪ್ಟು ಸೇವ್ ಕಡತದೊಳಗೆ ಉಳಿದಿರುತ್ತದೆ. ಇದು ಸಂಚಿತ ಕರ್ಮ, ಹೊಸ ಗೇಮ್ ಶುರುಮಾಡಿದರೆ ತೀರುವಂಥದ್ದು. ಶಿಷ್ಯನ ಪಾಪಕ್ಕೆ ಸಂಬಂಧವೇ ಇಲ್ಲದ ಪ್ರಳಯವೂ ಉಂಟು. 2011ರ ನವೆಂಬರ್ 11ರಂದು ಬಂದ ಈ ಗೇಮಿಗೆ ಸರಿಯಾಗಿ ಹತ್ತು ವರ್ಷವಾದ ದಿನ ಕಂಪನಿಯವರು ಹುಟ್ಟುಹಬ್ಬದ ಆವೃತ್ತಿ ಬಿಟ್ಟರು. ಮೂಲ ತಂತ್ರಾಂಶವನ್ನೇ ಹೊಸದಾಗಿ ಕಟ್ಟಿದ್ದರಿಂದ ಅದರ ಒಳಮನೆಯ ವಿಳಾಸಗಳನ್ನು ನೆಚ್ಚಿಕೊಂಡಿದ್ದ ಮಾಡುಗಳು ಆ ದಿನವೇ ಮಲಗಿದವು.

128 ಮಾಡಿನ ಶಿಷ್ಯನನ್ನು ನಡುದಾರಿಯಲ್ಲಿ ಬಿಟ್ಟಿದ್ದೇವೆ. ಕಳ್ಳ ಯಾರೆಂದು ಹಿಡಿಯಲು ಅನ್ವಯ-ವ್ಯತಿರೇಕ ಬೇಕು: ಅದಿದ್ದರೆ ದೋಷ ಇರುತ್ತದೆ, ಅದಿಲ್ಲದಿದ್ದರೆ ದೋಷ ಇರುವುದಿಲ್ಲ. ಒಂದೊಂದಾಗಿ ತೆಗೆಯುತ್ತ ಕೂತರೆ ಬೆಳಗಾಗುತ್ತದೆ. ಅರ್ಧವನ್ನು, ಅಂದರೆ 64ನ್ನು, ಆಚೆಗಿಟ್ಟು ಗೇಮ್ ಓಡಿಸಬೇಕು. ದೋಷ ಹೋಯಿತೋ, ಕಳ್ಳ ಆಚೆ ಇದ್ದಾನೆ, ಹೋಗಲಿಲ್ಲವೋ, ಒಳಗಿದ್ದಾನೆ. ಮತ್ತೆ ಅರ್ಧ. ಏಳನೇ ಸಲಕ್ಕೆ ಕಳ್ಳ ಒಂಟಿಯಾಗಿ ನಿಂತಿರುತ್ತಾನೆ. ಒಂದನ್ನೊಂದು ಆಶ್ರಯಿಸಿದ ಮಾಡುಗಳನ್ನು ಬೇರ್ಪಡಿಸಬಾರದು, ಮತ್ತು ಜೊತೆಗೂಡಿದಾಗ ಮಾತ್ರ ಕಿತ್ತಾಡುವ ಇಬ್ಬರಿದ್ದರೆ ಲೆಕ್ಕ ಬೆಳೆಯುತ್ತದೆ. ಈ ಏಳು ಹೆಜ್ಜೆಯನ್ನು ಹೇಳಿಕೊಟ್ಟಾಗ ಶಿಷ್ಯನ ಉತ್ತರ ಪ್ರಸಿದ್ಧ: “ಬೇಡ ಗುರೂ, ಎಲ್ಲಾ ಡಿಲೀಟ್ ಮಾಡಿ ಫ್ರೆಶ್ ಆಗಿ ಹಾಕ್ತೀನಿ.” ಹಾಕುತ್ತಾನೆ, 128ನ್ನೂ, ಅದೇ ಕ್ರಮದಲ್ಲಿ.

ಇಲ್ಲಿ ಪೂರ್ವಪಕ್ಷ. ಹಿರಿಯ ಪಂಡಿತರು ಹೇಳುವುದೇನೆಂದರೆ, ಕೈಪಿಡಿಯಲ್ಲಿ ಎಲ್ಲ ಇದೆ, ಓದಿಕೊಳ್ಳಲಿ, ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಸರಿಯಲ್ಲ. ಕೈಪಿಡಿ ಬರೆದಿರುವುದು ತಿಳಿದವರಿಗಾಗಿ. ದೋಷದ ಹೆಸರೇ ಗೊತ್ತಿಲ್ಲದವನು ಅದರಲ್ಲಿ ಏನೆಂದು ಹುಡುಕಬೇಕು? ತಮಗೆ ಯಾರೂ ಹೇಳಿಕೊಟ್ಟಿಲ್ಲ ಎನ್ನುವವರೂ ಇನ್ನೊಬ್ಬರ ಮಾಡನ್ನು ಬಿಚ್ಚಿ ನೋಡಿಯೇ ಕಲಿತವರು. ಕಣ್ಣಮುಂದೆ ಕೂರದ ಗುರುವೂ ಗುರುವೇ. ಎಲ್ಲವನ್ನೂ ತಾವೇ ಸರಿಮಾಡಿ ಜಿಪ್ ಕಳಿಸಿಬಿಡುವ ಕರುಣಾಳುಗಳ ಪಕ್ಷವೂ ನಮಗೆ ಸಮ್ಮತವಲ್ಲ. ಅವರ ಶಿಷ್ಯ ಮರುವಾರವೂ ಬರುತ್ತಾನೆ, ಜಿಪ್‌ಗೆ ಕೈಚಾಚಿಕೊಂಡು.

ಸಿದ್ಧಾಂತ: ಮೊದಲ ಮಾಡಿನಲ್ಲಿ ಒಂದೇ ಒಂದು ಅಂಕಿ ಬದಲಿಸು. ಹೊಸ ಭೂಖಂಡ, ಹೊಸ ರಾಜಕುಮಾರಿ, ಐದು ಅಂತ್ಯಗಳ ಕಥೆ ಎಲ್ಲ ಆಮೇಲೆ. ಸ್ಟಾರ್‌ಡ್ಯೂನಲ್ಲಿ ಪಾರ್ಸ್ನಿಪ್ ಎಂಬ ಗಡ್ಡೆ ಇದೆ, ಕ್ರಮಾಂಕ 24, ಮಾರಾಟ ಬೆಲೆ 35. ಅದನ್ನು 3,500 ಮಾಡಲು ಕಂಟೆಂಟ್ ಪ್ಯಾಚರ್ ಎಂಬ ಸಹಾಯಕ ಮಾಡ್ ಇದ್ದರೆ ಹತ್ತಾರು ಸಾಲು ಸಾಕು. ಆ ಹತ್ತಾರು ಸಾಲಿನಲ್ಲಿ ಶಿಷ್ಯ ಒಂದು ಅಲ್ಪವಿರಾಮ ಬಿಟ್ಟಿರುತ್ತಾನೆ, ಇದು ನಿಯಮ. ಲಾಗ್ ಏಳನೇ ಸಾಲಿನಲ್ಲಿ ತಪ್ಪಿದೆ ಎನ್ನುತ್ತದೆ. ಶಿಷ್ಯ ಏಳನೇ ಸಾಲನ್ನು ಅಳಿಸಿ ಬರೆದು, ಅಳಿಸಿ ಬರೆದು ಕಣ್ಣೀರಿಡುತ್ತಾನೆ. ಏಳರಲ್ಲಿ ಏನೂ ಇಲ್ಲ. ಓದುವ ಯಂತ್ರ ಎಡವಿ ಬಿದ್ದ ಜಾಗ ಏಳು, ಕಲ್ಲು ಇರುವುದು ಆರನೆಯದರ ಬಾಲದಲ್ಲಿ. ಅಲ್ಪವಿರಾಮ ಹಾಕಿದ ಕ್ಷಣ ಕೆಂಪು ಅಕ್ಷರ ಮಾಯ. ಊರಿನ ಮೇಯರ್ ಬಳುವಳಿ ಕೊಟ್ಟ 15 ಬೀಜ ಬಿತ್ತಿ, ನಾಲ್ಕು ದಿನ ನೀರುಣಿಸಿ, 525 ಬರಬೇಕಾದಲ್ಲಿ 52,500 ಎಣಿಸಿಕೊಂಡವನ ಮುಖವನ್ನು ಅಲಂಕಾರಶಾಸ್ತ್ರದ ಯಾವ ರಸಕ್ಕೆ ಸೇರಿಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅದ್ಭುತ ಎಂದು ನಮ್ಮ ಒಲವು.

ಉತ್ತರಪ್ರಕರಣ. ಅಂಕಿ ಬದಲಿಸಿದವನು ಹೆಸರಿಗೆ ಕೈಹಾಕುತ್ತಾನೆ, ಅದೂ ಕನ್ನಡದ ಹೆಸರಿಗೆ. ಗೇಮಿನ ಅಕ್ಷರಗಳು ಒಂದು ಹಾಳೆಯ ಮೇಲೆ ಚಿತ್ರಗಳಾಗಿ ಕೂತಿರುತ್ತವೆ. ಆ ಹಾಳೆಯಲ್ಲಿ ಕನ್ನಡ ಇಲ್ಲ. ಸರಿ, ತಾನೇ ಬರೆದು ಸೇರಿಸುತ್ತಾನೆ, ಅ ಆ ಇ ಈ ಎಲ್ಲ ಬರುತ್ತವೆ. ವೈಯಾಕರಣ ಕೇಶಿರಾಜನ ಕಾಲದಿಂದ ಕನ್ನಡಿಗರನ್ನು ಕಾಡಿದ ಒತ್ತಕ್ಷರ ಇಲ್ಲಿ ಬಂದು ಕಾಡುತ್ತದೆ. ‘ಸ್ತ್ರೀ’ ನಮಗೆ ಒಂದು ಅಕ್ಷರ. ಯಂತ್ರದ ಲೆಕ್ಕದಲ್ಲಿ ಸ, ವಿರಾಮ, ತ, ವಿರಾಮ, ರ, ದೀರ್ಘ ಈ ಎಂದು ಆರು. ಕೂಡಿಸಿ ಬರೆಯಲು ಬಾರದ ಗೇಮು ಆರನ್ನೂ ಸಾಲಾಗಿ ನಿಲ್ಲಿಸುತ್ತದೆ.

“ಗುರೂ, ಲಾಗ್ ನೋಡ್ದೆ, ಏನೂ ಎರರ್ ಇಲ್ಲ. ಒತ್ತು ಮಾತ್ರ ಪಕ್ಕಕ್ಕೆ ಬಂದ್ ನಿಂತ್ಕೊಂಡಿದೆ.”

“ಇದು ಕಂಟೆಂಟ್ ಪ್ಯಾಚರ್ ಕೈಲಿ ಆಗಲ್ಲ ಕಣಪ್ಪ. ಸಿ ಶಾರ್ಪ್‌ನಲ್ಲಿ ಕೋಡ್ ಬರೀಬೇಕು.”

“ಎಷ್ಟ್ ಜಿಬಿ ಗುರೂ ಅದು? ಲಿಂಕ್ ಕಳ್ಸಿ, ರಾತ್ರಿ ಡೌನ್‌ಲೋಡ್‌ಗೆ ಹಾಕ್ಬಿಡ್ತೀನಿ.”