ಸ್ಪ್ಯಾನರ್ ಅಂಕಲ್

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದರೂ ಇವರು ಸಿಗುತ್ತಾರೆ. ಭಾನುವಾರ ಬೆಳಗ್ಗೆ ಊರೆಲ್ಲ ದೋಸೆಗೆ ಕಾಯುತ್ತಿರುವಾಗ ಇವರು ತೂತುಬಿದ್ದ ಬನಿಯನ್ನು ಹಾಕಿಕೊಂಡು ಕಾರಿನ ಕೆಳಗೆ ಅಂಗಾತ ಮಲಗಿರುತ್ತಾರೆ. ಹೊರಗೆ ಕಾಣುವುದು ಹವಾಯಿ ಚಪ್ಪಲಿಯ ಎರಡು ಕಾಲು ಮಾತ್ರ. ಅನೇಕ ನಿವಾಸಿಗಳಿಗೆ ಇವರ ಮುಖಕ್ಕಿಂತ ಪಾದದ ಪರಿಚಯವೇ ಹೆಚ್ಚು. ಮಕ್ಕಳ ಬಾಯಲ್ಲಿ ಸ್ಪ್ಯಾನರ್ ಅಂಕಲ್. ವೃತ್ತಿಯಲ್ಲಿ ಆಡಿಟರಾಗಿದ್ದು ನಿವೃತ್ತರಾದವರು. ಪ್ರವೃತ್ತಿಯಿಂದ ಇನ್ನೂ ನಿವೃತ್ತರಾಗಿಲ್ಲ.

ಇವರ ಕಾರಿಗೆ ಅಪಘಾತ ಆಗುವುದಿಲ್ಲ, ‘ಸ್ವಲ್ಪ ಟಚ್’ ಆಗುತ್ತದೆ. ಮುಂದಿದ್ದ ಗೂಡ್ಸ್ ಆಟೋಗೆ ಈ ಸಲ ಆದ ಟಚ್ಚಿನಲ್ಲಿ ಬಂಪರ್ ಮೇಲೆ ಒಂದು ಗೀರು ಅಷ್ಟೇ. ಆದರೆ ಬಾನೆಟ್ ಎತ್ತಿ ನೋಡಿದರೆ ಒಳಗಿನ ರೇಡಿಯೇಟರ್ ಸಪೋರ್ಟ್ ಸೊಟ್ಟಗಾಗಿದೆ. ಹೆಸರಿಗೆ ರೇಡಿಯೇಟರಿನ ಆಸರೆಯಾದರೂ ಈ ಚೌಕಟ್ಟು ಹೊರುವುದು ಬರೀ ರೇಡಿಯೇಟರನ್ನಲ್ಲ. ಎ.ಸಿ.ಯ ಕಂಡೆನ್ಸರ್, ಬಾನೆಟ್ ಲಾಕ್, ಹಾರ್ನ್, ಎರಡೂ ಹೆಡ್‌ಲೈಟು ಎಲ್ಲಕ್ಕೂ ಇದೇ ಆಧಾರ. ಅವಿಭಕ್ತ ಕುಟುಂಬದ ಹಿರಿಸೊಸೆಯಂತೆ, ಇರುವಾಗ ಯಾರ ಕಣ್ಣಿಗೂ ಬೀಳದು. ಸೊಂಟ ಹಿಡಿದುಕೊಂಡಿತೋ, ಮನೆಯೆಲ್ಲ ಅಲ್ಲೋಲಕಲ್ಲೋಲ.

“ರೀ, ಇನ್ಶೂರೆನ್ಸ್ ಇದೆಯಲ್ಲ, ಗ್ಯಾರೇಜಿಗೆ ಬಿಡಬಾರದೆ?” ಎಂದರು ಮನೆಯಾಕೆ.

“ನೋ ಕ್ಲೇಮ್ ಬೋನಸ್ ಹೋಗುತ್ತೆ ಕಣೇ!”

ಅವರ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಕ್ಲೇಮಿಲ್ಲದೆ ಒಂದು ವರ್ಷ ಕಳೆದರೆ ಶೇ. 20, ಸತತ ಐದು ವರ್ಷ ಕಳೆದರೆ ಶೇ. 50 ರಿಯಾಯಿತಿ, ನಡುವೆ ಒಂದೇ ಒಂದು ಕ್ಲೇಮ್ ಹಾಕಿದರೆ ಮತ್ತೆ ಸೊನ್ನೆಯಿಂದ ಶುರು. ಅಂಕಲ್ಲಿನ ಖಾತೆಯಲ್ಲಿ 50 ಜಮೆಯಾಗಿದೆ. “ಅದರಿಂದ ಎಷ್ಟು ಉಳಿಯುತ್ತೆ?” ಎಂದು ಕೇಳಿದರೆ, “ದುಡ್ಡಿನ ಪ್ರಶ್ನೆ ಅಲ್ಲ” ಎಂಬ ಉತ್ತರ ಬರುತ್ತದೆ. ಆಡಿಟರ ಬಾಯಲ್ಲಿ ಈ ಮಾತು ಬಂದಾಗಲೇ ಮನೆಯವರು ಆಸೆ ಬಿಡುತ್ತಾರೆ.

ಶನಿವಾರ ಹೊಸ ಚೌಕಟ್ಟು ತರಲು ಸವಾರಿ ಜೆ.ಸಿ. ರಸ್ತೆಗೆ. ರವೀಂದ್ರ ಕಲಾಕ್ಷೇತ್ರ ಇರುವುದೂ ಅದೇ ರಸ್ತೆಯಲ್ಲಿ. ಇವರು ಅಲ್ಲಿ ನಾಟಕ ನೋಡಿದವರಲ್ಲ. ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ತಾವೇ ಆಡಿ ತೋರಿಸುತ್ತಾರೆ. ಒರಿಜಿನಲ್ಲಿನ ಬೆಲೆ ಕೇಳಿ ಹೌಹಾರುತ್ತಾರೆ, ಡೂಪ್ಲಿಕೇಟಿನ ಗುಣ ಕಂಡು ಕನಿಕರಪಡುತ್ತಾರೆ, ಬೇಡವೆಂದು ಮೆಟ್ಟಿಲಿಳಿದು ಎರಡು ಅಂಗಡಿ ದಾಟಿ ಮೊದಲನೆಯದಕ್ಕೇ ವಾಪಸಾಗುತ್ತಾರೆ. ಅಂಗಡಿಯವನು ಪ್ಯಾಕ್ ಮಾಡುತ್ತಾ, “ಯಾವ ಗ್ಯಾರೇಜಲ್ಲಿ ಹಾಕಿಸ್ತೀರಾ ಸಾರ್?” ಎಂದ. “ನಾನೇ ಹಾಕ್ತೀನಿ.” ಅವನು ಕ್ಷಣ ತಡೆದು, “ಹಾಗಿದ್ರೆ ಬಂಪರ್ ಕ್ಲಿಪ್ಪೂ ಒಂದಷ್ಟು ತಗೊಂಡುಬಿಡಿ ಸಾರ್” ಎಂದ. ಅನುಭವಸ್ಥ.

ಭಾನುವಾರದ ಕಾರ್ಯಕ್ರಮದಲ್ಲಿ ಮೊದಲನೆಯದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚುವುದು. ಅನೇಕ ಕಾರುಗಳಲ್ಲಿ ಏರ್‌ಬ್ಯಾಗಿನ ಸೆನ್ಸರು ಈ ಚೌಕಟ್ಟಿನ ಆಸುಪಾಸಿನಲ್ಲೇ ಇರುತ್ತದೆ. ಬಿಚ್ಚಿದ ಮೇಲೂ ತುಸು ಕಾಯಬೇಕು. ಆ ಬಿಡುವಿನಲ್ಲಿ ಕಾಫಿ. ಅನಂತರ ಬಂಪರ್ ಕಳಚುವಾಗ ಪಟಪಟ ಸದ್ದು: ಕ್ಲಿಪ್ಪುಗಳು ಮುರಿದವು, ಅಂಗಡಿಯವನು ಗೆದ್ದ. ಕೂಲೆಂಟ್ ಹಿಡಿಯಲು ಅಡುಗೆಮನೆಯ ಬೋಗುಣಿ ಬಂತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಪ್ರಾಣಕ್ಕೇ ಅಪಾಯ ಎಂದು ಅಂಕಲ್ಲೇ ಉಪನ್ಯಾಸ ಕೊಟ್ಟರು. ಕೇಳಿದ ಮನೆಯಾಕೆ ಬೋಗುಣಿಯನ್ನು ಅಡುಗೆಮನೆಯಿಂದ ಶಾಶ್ವತವಾಗಿ ಗಡೀಪಾರು ಮಾಡಿದರು. ಎ.ಸಿ.ಯ ಗ್ಯಾಸ್ ಪೈಪ್ ಬಿಚ್ಚದೆ ಕಂಡೆನ್ಸರನ್ನು ಮೇಲಿನಿಂದ ನೇತುಹಾಕಲು ಬಟ್ಟೆ ಒಣಹಾಕುವ ಹಗ್ಗವೂ ಹೋಯಿತು.

ಟಾರ್ಚ್ ಹಿಡಿಯಲು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿರುವ ಮಗ. ವಾರವೆಲ್ಲ ಹತ್ತಾರು ಜನರನ್ನು ಆಳುವವನು ಇಲ್ಲಿ, “ಎಲ್ಲಿ ನೋಡ್ತಿದ್ದೀಯೋ, ಬೆಳಕು ಇಲ್ಲಿ ಬಿಡೋ!” ಎಂದು ಬೈಸಿಕೊಳ್ಳುತ್ತಾನೆ. ಹತ್ತನೇ ನಂಬರಿನ ಸ್ಪ್ಯಾನರ್ ಕಳೆದುಹೋದರೆ ಅದಕ್ಕೂ ಅವನೇ ಹೊಣೆ. ಅದು ಅಂಕಲ್ಲಿನ ಜೇಬಿನಲ್ಲೇ ಸಿಕ್ಕರೆ ಮಾತ್ರ ಯಾರೂ ಹೊಣೆಯಲ್ಲ.

ಆದರೂ ಹೇಳಲೇಬೇಕು, ಕೆಲಸ ಅಚ್ಚುಕಟ್ಟು. ಬಿಚ್ಚುವ ಮುಂಚೆ ಪ್ರತಿಯೊಂದರ ಫೋಟೋ. ಬೋಲ್ಟುಗಳೆಲ್ಲ ಮೆಡಿಕಲ್ ಶಾಪಿನ ಕವರಿನಲ್ಲಿ, ಮೇಲೆ ‘ಎಡ’, ‘ಬಲ’ ಎಂದು ಬರಹ. ಹೊಸ ಚೌಕಟ್ಟನ್ನು ಕೂರಿಸಿದೊಡನೆ ಬೋಲ್ಟು ಬಿಗಿಯುವುದಿಲ್ಲ. ಸಡಿಲವಾಗಿಟ್ಟು ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆಯುತ್ತಾರೆ, ಬಾನೆಟ್ಟಿನ ಎರಡೂ ಬದಿಯ ಸಂದು ಸಮವಾಗಿದೆಯೇ ನೋಡುತ್ತಾರೆ, ಆಮೇಲೆ ಬಿಗಿಯುತ್ತಾರೆ. ಲಾಕ್ ಸರಿಯಾಗಿ ಕೂರದಿದ್ದರೆ ಹೈವೇಯಲ್ಲಿ ಬಾನೆಟ್ ತಾನೇ ತೆರೆದು ಗಾಜಿಗೆ ಬಡಿಯಬಹುದೆಂಬುದನ್ನು ಅವರು ಬಲ್ಲರು. ರಾತ್ರಿ ಎದುರು ಗೋಡೆಗೆ ಬೆಳಕು ಬಿಟ್ಟು ಹೆಡ್‌ಲೈಟಿನ ಎತ್ತರ ಸರಿಮಾಡುವಾಗ ಮಾತ್ರ ಮೊದಲ ಮಹಡಿಯವರು ಮಲಗುವ ಕೋಣೆಯ ಕಿಟಕಿ ತೆರೆದು ಏನೋ ಅಂದರು.

ಹೊಸ ಸಾಕೆಟ್ ಸೆಟ್, ಕ್ಲಿಪ್, ಕೂಲೆಂಟ್, ಬೋಗುಣಿ, ಹಗ್ಗ ಎಲ್ಲ ಕೂಡಿಸಿದರೆ ಗ್ಯಾರೇಜಿನ ಬಿಲ್ಲನ್ನೂ ಮೀರುತ್ತದೆ. ಸಾಕೆಟ್ ಸೆಟ್ಟನ್ನು ಅಂಕಲ್ ಖರ್ಚಿಗೆ ಬರೆಯುವುದಿಲ್ಲ, ಅದು ಆಸ್ತಿ.

ಅಂದಮೇಲೆ ಲಾಭ ಯಾರಿಗೆ? ನಮಗೆ. ಕಾರು ಎಲ್ಲಿ ಗುದ್ದಿದರೂ ನಾವು ಎಸ್ಟಿಮೇಟ್ ಹಿಡಿದು ಓಡುವುದು ಇವರಲ್ಲಿಗೇ. ಕನ್ನಡಕ ಏರಿಸಿ, “ಸಪೋರ್ಟ್ ಬಗ್ಗಿದರೆ ರೇಡಿಯೇಟರ್ ಯಾಕ್ರೀ ಬದಲಾಯಿಸಬೇಕು? ಸೋರ್ತಿದೆಯಾ? ತೋರಿಸಲಿ” ಎಂದು ಕೆಂಪು ಪೆನ್ನಿನಲ್ಲಿ ಎರಡು ಸಾಲು ಹೊಡೆದುಹಾಕುತ್ತಾರೆ. ಆ ಕಾಗದ ಹಿಡಿದು ಹೋದರೆ ಗ್ಯಾರೇಜಿನವನ ದನಿಯೇ ಬದಲಾಗುತ್ತದೆ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥವರಿದ್ದರೆ ಅವರನ್ನು ಚೆನ್ನಾಗಿ ನೋಡಿಕೊಳ್ಳಿ. ಎಸ್ಟಿಮೇಟ್ ತೋರಿಸಿ, ಕಾಫಿ ಕೊಡಿ. ಕಾರಿನ ಕೀ ಮಾತ್ರ ಕೊಡಬೇಡಿ.