ಕಿನ್ನಾಳದ ಗರುಡನೂ ಕಾಮನ್ಸ್ ಲೈಸೆನ್ಸೂ

ಪಾಠ ಟಿಪ್ಪಣಿ ಹಂಚಿಕೊಳ್ಳುವುದನ್ನು ನಮ್ಮ ಮಾಸ್ತರುಗಳಿಗೆ ಯಾರೂ ಕಲಿಸಬೇಕಾಗಿಲ್ಲ. ವರ್ಗವಾಗಿ ಹೋದವರ ನೋಟ್‌ಬುಕ್ಕಿಗೆ ಹೊಸ ರಟ್ಟು ಹಾಕಿ, ದಿನಾಂಕ ತಿದ್ದಿ, ಹೆಡ್‌ಮಾಸ್ತರ ಸಹಿಗೆ ಇಡುವ ಕಲೆ ಬಹಳ ಹಳೆಯದು. ಇಂಥ ಹಂಚಿಕೆಗೆ ಯುನೆಸ್ಕೊ ಸಭೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಗಂಭೀರ ಹೆಸರನ್ನು ಹುಟ್ಟುಹಾಕಿದ್ದು 2002ರಲ್ಲಿ. ಹಂಚಲು ಒಪ್ಪಿಗೆ ಕೊಡುವ ಕ್ರಿಯೇಟಿವ್ ಕಾಮನ್ಸ್‌ನ ಮೊದಲ ಲೈಸೆನ್ಸುಗಳು ಬಂದದ್ದೂ ಅದೇ ವರ್ಷ. ಅಷ್ಟರಲ್ಲಿ ನಮ್ಮಲ್ಲಿ ಎಷ್ಟು ರಟ್ಟು ಬದಲಾಗಿದ್ದವೋ!

ಕರ್ನಾಟಕದಲ್ಲಿ 2013ರ ಸುಮಾರಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ಪ್ರೌಢಶಿಕ್ಷಣದ ಆರ್‌ಎಂಎಸ್‌ಎ ಯೋಜನೆ ಮತ್ತು ಐಟಿ ಫಾರ್ ಚೇಂಜ್ ಎಂಬ ಸಂಸ್ಥೆ ಸೇರಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣ ಕಟ್ಟಿದರು. ವಿಕಿಪೀಡಿಯಾ ನಡೆಯುವ ಮೀಡಿಯಾವಿಕಿ ತಂತ್ರಾಂಶವೇ ಇದಕ್ಕೂ ತಳಹದಿ. ಮಾಸ್ತರೇ ಬರೆಯಬೇಕು, ಮಾಸ್ತರೇ ತಿದ್ದಬೇಕು, ಮಾಸ್ತರೇ ಬಳಸಬೇಕು.

ಮೂರನೆಯದಕ್ಕೆ ಎಂದೂ ಜನರ ಕೊರತೆಯಿಲ್ಲ.

ಕೊಪ್ಪಳ ತಾಲ್ಲೂಕಿನ ಕಿನ್ನಾಳದಂಥ ಊರಲ್ಲಿ ಹೈಸ್ಕೂಲು ಮಾಸ್ತರೊಬ್ಬರು ರಾತ್ರಿ ಊಟ ಮುಗಿಸಿ ಈ ತಾಣ ನೋಡಲು ಲ್ಯಾಪ್‌ಟಾಪ್ ತೆರೆದರು ಅನ್ನಿ. ವೃತ್ತದ ಪ್ರಮೇಯಕ್ಕೆ ಜಿಯೊಜೀಬ್ರಾ ಸಿಕ್ಕಿತು. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದಲ್ಲಿ ಶುರುಮಾಡಿದ ಈ ತಂತ್ರಾಂಶದಲ್ಲಿ ಬಿಂದು ಎಳೆದಂತೆ ಸ್ಪರ್ಶಕವೂ ಓಡುತ್ತದೆ. ಮಾಸ್ತರಿಗೆ ಮಹದಾನಂದ. ಆದರೆ ಪುಟ ತಿದ್ದುವ ಗುಂಡಿ ಕಂಡೊಡನೆ ಕೈ ಹಿಂದೆ ಸರಿಯಿತು. ಸರ್ಕಾರಿ ಸೊತ್ತು, ನಾಳೆ ನೋಟಿಸ್ ಬಂದರೆ? ವಿಕಿಯಲ್ಲಿ ಹಳೆಯ ಆವೃತ್ತಿಗಳೆಲ್ಲ ಇತಿಹಾಸದಲ್ಲಿ ಉಳಿದಿರುತ್ತವೆ, ಕೆಡಿಸಿದ್ದನ್ನು ಒಂದೇ ಒತ್ತಿಗೆ ಸರಿಪಡಿಸಬಹುದು ಎಂದು ಎಷ್ಟು ಹೇಳಿದರೂ ಆ ಭಯ ಹೋಗುವಂಥದ್ದಲ್ಲ.

ಧೈರ್ಯ ಮಾಡಿದವರಿಗೆ ಮುಂದೆ ಕಾಯುವುದು ಫಾಂಟು. ‘ನುಡಿ’ ತಂತ್ರಾಂಶದ ಹಳೆಯ ಕಡತದಿಂದ ಟಿಪ್ಪಣಿ ಎತ್ತಿ ಅಂಟಿಸಿದರೆ ಕನ್ನಡ ಮಾಯ. ‘ನ’ ಇರಬೇಕಾದ ಕಡೆಯೆಲ್ಲ ಬ್ರಿಟಿಷರ ಪೌಂಡಿನ ಗುರುತು! ಸ್ವಾತಂತ್ರ್ಯ ಚಳವಳಿಯ ಪಾಠವೇ ಆಗಿದ್ದರಂತೂ ನೋಡಲಾಗದು. ಯೂನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಗಾಂಧೀಜಿ ಮರಳಿ ಬರುವುದು.

ಇಷ್ಟೆಲ್ಲ ದಾಟಿದವರು ಪುಟದ ಕೆಳಗೆ ‘ಸಮುದಾಯ ಆಧಾರಿತ ಯೋಜನೆ’ ಎಂಬ ಶೀರ್ಷಿಕೆಗೆ ಬಂದು ತಲೆ ಕೆರೆದುಕೊಳ್ಳುತ್ತಾರೆ. ಕಿನ್ನಾಳದ ಮಾಸ್ತರಿಗೆ ಆ ಕಷ್ಟವೇ ಇಲ್ಲ, ಓಣಿಗೆ ಇಳಿದರಾಯಿತು. ಗೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ ಗೋಣಿ ಚಿಂದಿ ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದೇ ಕಿಟ್ಟ. ಹಗುರ ಮರದ ಗೊಂಬೆಯ ಮೇಲೆ ಅದನ್ನು ಮೆತ್ತಿ, ಹರಳುಕಲ್ಲಿನ ಪುಡಿಯನ್ನು ಗೋಂದಿನೊಡನೆ ಬಳಿದು, ಆಮೇಲೆ ಬಣ್ಣ. ಅಂಟು ಏಕೆ ಅಂಟುತ್ತದೆ ಎಂದು ಕೇಳಿದರೆ ವಿಜ್ಞಾನ, ಅಳತೆ ಕೇಳಿದರೆ ಗಣಿತ, ವಿಜಯನಗರದ ನಂಟು ಕೇಳಿದರೆ ಸಮಾಜ. ಮೂರು ಪಾಠ ಒಂದೇ ಜಗುಲಿಯಲ್ಲಿ. ಆದರೂ ಮಾಸ್ತರು ತರಗತಿಗೆ ತಂದದ್ದು ಅಂತರ್ಜಾಲದಿಂದ ಇಳಿಸಿದ ಗರುಡನ ಚಿತ್ರ.

“ಸರ, ನಮ್ಮಪ್ಪ ಮಾಡೂ ಗರುಡನ ಮೂಗು ಹಿಂಗ ಇರಂಗಿಲ್ಲರಿ” ಎಂದಿತು ಹಿಂದಿನ ಬೆಂಚು.

ಮರುದಿನ ಮಾಸ್ತರು ಮೊಬೈಲು ಹಿಡಿದು ಆ ಹುಡುಗನ ಮನೆಗೇ ಹೋದರು. ಚಿತ್ರ ತೆಗೆದು, ಕಿಟ್ಟದ ವಿಧಾನ ಬರೆದುಕೊಂಡು, ತಾಣಕ್ಕೆ ಏರಿಸುವ ಮುನ್ನ ಕಾಮನ್ಸ್ ಲೈಸೆನ್ಸಿನ ಷರತ್ತು ತರಗತಿಗೆ ವಿವರಿಸಿದರು: ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಆದರೆ ಮೂಲದವರ ಹೆಸರು ಹಾಕಬೇಕು, ತಿದ್ದಿದ್ದನ್ನೂ ಇದೇ ಷರತ್ತಿನ ಮೇಲೆ ಹಂಚಬೇಕು. ಆಗಲೇ ತೊಡಕು ಎದ್ದಿತು. ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ಬೇರೆಲ್ಲೋ ತಯಾರಾದ ಬೊಂಬೆಗೆ ಕಿನ್ನಾಳದ ಹೆಸರು ಅಂಟಿಸಿ ಮಾರುವಂತಿಲ್ಲ. ಒಂದು ಕಾಯಿದೆ ಹೆಸರು ಹಾಕು ಅನ್ನುತ್ತದೆ, ಇನ್ನೊಂದು ಹಾಕಬೇಡ ಅನ್ನುತ್ತದೆ! ಪಾಠ ಹಂಚಬಹುದು, ಪೇಟೆಯಲ್ಲಿ ಊರ ಹೆಸರು ಎರವಲು ಕೊಡುವಂತಿಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಪಿರಿಯಡ್ಡು ಮುಗಿಯುತ್ತ ಬಂದಿತ್ತು.

ಹಿಂದಿನ ಬೆಂಚು ಮತ್ತೆ ಕೈ ಎತ್ತಿತು. “ಹಂಗಾದ್ರ ಸರ, ಹೋಂವರ್ಕ್ ನಕಲು ಮಾಡಿ, ಕೆಳಗ ಗೆಳೆಯಾನ ಹೆಸರು ಬರದ್ರ ನಡೀತೈತೇನ್ರಿ?”