ಕಾಯಿಸುವ ಕಲೆಯ ಮೀಮಾಂಸೆ

ಪ್ರಬಂಧದ ವ್ಯಾಪ್ತಿಯನ್ನು ಮೊದಲೇ ಗೊತ್ತುಪಡಿಸಿಬಿಡುವುದು ವಿದ್ವತ್ ಸಂಪ್ರದಾಯ. ಉತ್ತರಕ್ಕೆ ದೂಧಗಂಗೆ, ಅದರಾಚೆ ಮಹಾರಾಷ್ಟ್ರದ ಕಾಗಲ್, ದಕ್ಷಿಣಕ್ಕೆ ನಿಪ್ಪಾಣಿ, ಪೂರ್ವಕ್ಕೆ ಚಿಕ್ಕೋಡಿ, ರಾಯಬಾಗ, ಕೃಷ್ಣೆ ದಾಟಿದರೆ ಅಥಣಿ, ಕಾಗವಾಡ. ಕೇಂದ್ರಬಿಂದು ಕೊಗನೊಳ್ಳಿಯ ಟೋಲ್ ನಾಕಾ. ಇಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಲಾರಿ ನಿಲ್ಲುತ್ತದೆ, ಕಬ್ಬಿನ ಟ್ರ್ಯಾಕ್ಟರ್ ನಿಲ್ಲುತ್ತದೆ, ಗಡಿ ವಿವಾದ ಕಾವೇರಿದಾಗ ಆ ಕಡೆಯ ಮುಖಂಡರನ್ನೂ ಇಲ್ಲೇ ನಿಲ್ಲಿಸುತ್ತಾರೆ. ನಿಲ್ಲಿಸುವುದು ಮತ್ತು ಕಾಯಿಸುವುದನ್ನು ಕುರಿತ ಸಂಶೋಧನೆಗೆ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರ ದೊರಕಲಾರದು.

ವಿಷಯ: ಸಕ್ಕರೆ ಉದ್ದಿಮೆಯ ಧುರೀಣರು ಕೈಗೊಳ್ಳುವ ವ್ಯೂಹಾತ್ಮಕ ನಿರ್ಧಾರಗಳು ಹಾಗೂ ಅವರು ಎದುರಿಸುವ ಸಾಂಸ್ಥಿಕ ಸವಾಲುಗಳು. ಪ್ರಮೇಯ: ಈ ಸೀಮೆಯಲ್ಲಿ ನಾಯಕತ್ವವೆಂಬುದರ ಮೂಲಧಾತು ಕಾಯಿಸುವಿಕೆ. ಶಾಸ್ತ್ರೀಯವಾಗಿ ಇದನ್ನು ‘ಪಾವತಿವಿಳಂಬಜನ್ಯಬಂಡವಾಳಸಂಚಯನತಂತ್ರ’ ಎಂದು ಕರೆಯತಕ್ಕದ್ದು. ಒಂದೇ ಉಸಿರಿಗೆ ಹೇಳಲಾಗದವರು ‘ಬಿಲ್ ಇನ್ನೂ ಆಗಿಲ್ಲ’ ಎಂದರೂ ಅರ್ಥಕ್ಕೆ ಚ್ಯುತಿಯಿಲ್ಲ.

ಇನ್ನು ಪೂರ್ವಾಧ್ಯಯನಗಳ ಸಮೀಕ್ಷೆ. ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ 1979ರಲ್ಲಿ ಯಾವುದೇ ಉದ್ದಿಮೆಯ ಮೇಲೆ ಐದು ಬಲಗಳು ಕೆಲಸ ಮಾಡುತ್ತವೆಂದು ಸಾರಿದರು: ಪ್ರತಿಸ್ಪರ್ಧಿಗಳು, ಹೊಸದಾಗಿ ಕಣಕ್ಕಿಳಿಯುವವರು, ಬದಲಿ ಸರಕು, ಕೊಳ್ಳುವವರು, ಕಚ್ಚಾ ಮಾಲು ಒದಗಿಸುವವರು. ಮಾಲು ಒದಗಿಸುವವನ ಚೌಕಾಸಿ ಬಲ ಏರಿದಷ್ಟೂ ಉದ್ದಿಮೆಯ ಲಾಭ ಸೊರಗುತ್ತದಂತೆ. ಪೋರ್ಟರ್ ಮಹಾಶಯರು ಒಂದು ಜನವರಿಯಲ್ಲಿ ಇತ್ತ ಬಂದು, ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಗೇಟಿನ ಹೊರಗೆ ನಿಂತ ನಮ್ಮ ‘ಪೂರೈಕೆದಾರ’ನ ಚೌಕಾಸಿ ಬಲವನ್ನು ಕಣ್ಣಾರೆ ಕಂಡಿದ್ದರೆ ನಾಲ್ಕು ಬಲಕ್ಕೇ ಸುಮ್ಮನಾಗುತ್ತಿದ್ದರು. ಕಡಿದ ಕಬ್ಬು ತಾಸುತಾಸಿಗೂ ಒಣಗುತ್ತದೆ. ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ದರ ಬಂದಾಗ ಮಾರಿದರಾಯಿತು ಎಂದು ಚೀಲ ತುಂಬಿ ಅಟ್ಟದ ಮೇಲಿಡಲು ಅದೇನು ಶೇಂಗಾ ಅಲ್ಲ. ಹೊಸಬರ ಭಯವನ್ನಂತೂ ಸರ್ಕಾರವೇ ಕಳೆದಿದೆ: ಇದ್ದ ಕಾರ್ಖಾನೆಯಿಂದ 15 ಕಿಲೋಮೀಟರ್ ಒಳಗೆ ಇನ್ನೊಂದು ಏಳಕೂಡದೆಂದು ನಿಯಮವಿದೆ. ಆದಕಾರಣ ಪೋರ್ಟರ್ ಸಿದ್ಧಾಂತದ ಕೊಗನೊಳ್ಳಿ ಆವೃತ್ತಿಯಲ್ಲಿ ಬಲಗಳು ಮೂರೇ.

ಶಾಸ್ತ್ರದ ಪ್ರಮಾಣಗ್ರಂಥ 1966ರ ಕಬ್ಬು ನಿಯಂತ್ರಣ ಆದೇಶ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ತೆರಬೇಕು ಎಂದು ಅದರ ವಿಧಿ. ಇದು ಶ್ರುತಿ. ಕಾರ್ಖಾನೆಯ ನೋಟಿಸ್ ಬೋರ್ಡು ಸ್ಮೃತಿ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಬಲವತ್ತರವೆಂದು ಮೀಮಾಂಸಕರ ಮತ. ನೋಟಿಸ್ ಬೋರ್ಡೇ ಬಲವತ್ತರವೆಂದು ಅಕೌಂಟ್ ಸೆಕ್ಷನ್ನಿನ ಮತ. ಹೊತ್ತಿಗೆ ಸರಿಯಾಗಿ ಬಿಲ್ ಕೊಡುವ ಕಾರ್ಖಾನೆಗಳೂ ಗಡಿಯ ಎರಡೂ ಬದಿಗೆ ಇವೆ. ಅವುಗಳಿಂದ ನಮ್ಮ ಪ್ರಮೇಯಕ್ಕೆ ಯಾವ ಉಪಯೋಗವೂ ಇಲ್ಲದ್ದರಿಂದ ಅಧ್ಯಯನದಿಂದ ಕೈಬಿಡಲಾಗಿದೆ.

ನಾಯಕತ್ವದಲ್ಲಿ ಏಳು ವಿಧ.

ಮೊದಲನೆಯದು ದೂರದರ್ಶಿ ನಾಯಕತ್ವ. ಇದು ಹಂಗಾಮಿನ ಆರಂಭದಲ್ಲಿ, ಬಾಯ್ಲರ್ ಪೂಜೆಯ ದಿನ ಪ್ರಕಟಗೊಳ್ಳುತ್ತದೆ. ಸ್ವಾಮಿಗಳ ದಿವ್ಯ ಸಾನ್ನಿಧ್ಯ, ಗಂಧದ ಹಾರ, ಎಲ್ಲರ ತಲೆಗೂ ಫೇಟಾ, ಮೇಲೆ ಡ್ರೋನ್ ಕ್ಯಾಮೆರಾ. ಮುಹೂರ್ತ ಒಂದು ನಿಮಿಷ ಆಚೀಚೆ ಆಗುವುದಿಲ್ಲ. ಬಾಯ್ಲರಿಗೆ ಬೆಂಕಿ ಹಾಕಲು ಪಂಚಾಂಗದಲ್ಲಿ ಗಳಿಗೆ ಸಿಗುತ್ತದೆ. ದರ ಘೋಷಿಸಲು ಮಾತ್ರ ಇಡೀ ಕಾರ್ತಿಕ ಮಾಸದಲ್ಲಿ ಒಂದೂ ಸಿಗುವುದಿಲ್ಲ.

ಎರಡನೆಯದು ದತ್ತಾಂಶಾಧಾರಿತ ನಾಯಕತ್ವ. ಇದರ ಉಪಕರಣಗಳು ಎರಡು, ಕಾಟಾ ಮತ್ತು ರಿಕವರಿ. ಹೊರಗಿನ ಕಾಟಾದಲ್ಲಿ ತೂಗಿಸಿಕೊಂಡು ಬಂದ ಕಬ್ಬು ಗೇಟು ದಾಟುವಷ್ಟರಲ್ಲಿ ಹೇಗೆ ತೂಕ ಕಳೆದುಕೊಳ್ಳುತ್ತದೆಂಬುದು ಭೌತಶಾಸ್ತ್ರಕ್ಕೆ ಬಿಟ್ಟ ವಿಷಯ. ರಿಕವರಿಯ ಗಣಿತ ಇನ್ನೂ ಸೂಕ್ಷ್ಮ. ಕೇಂದ್ರ ಸರ್ಕಾರ ಕಬ್ಬಿಗೆ ನ್ಯಾಯಸಮ್ಮತ ಹಾಗೂ ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ ದರ ಜಾರಿಗೆ ತಂದ 2009-10ರಲ್ಲಿ ಮೂಲ ರಿಕವರಿ, ಅಂದರೆ ಸಕ್ಕರೆ ಇಳುವರಿ, ಶೇ 9.5 ಇತ್ತು. 2018-19ರಲ್ಲಿ ಅದು 10 ಆಯಿತು, 2022-23ರಲ್ಲಿ 10.25. ನೂರು ಕಿಲೋ ಕಬ್ಬಿನಿಂದ ಹೆಚ್ಚು ಸಕ್ಕರೆ ತೆಗೆದುಕೊಟ್ಟರೇ ಅದೇ ಮೂಲದರ ಎಂದು ಇದರ ತಾತ್ಪರ್ಯ. ದರ ಏರಿತೆಂದು ಪೇಪರಿನಲ್ಲಿ ಪ್ರತಿಸಲ ದಪ್ಪ ಅಕ್ಷರದಲ್ಲಿ ಬಂತು. ಗೆರೆ ಏರಿದ್ದು ಸಣ್ಣ ಅಕ್ಷರದಲ್ಲಿ. ಮೇಲಾಗಿ ಅದು ಗೇಟಿನ ದರ. ಕಟಾವು ಮತ್ತು ಸಾಗಣೆ ಅದರಲ್ಲೇ ಮುರಿದುಕೊಂಡು ಉಳಿದದ್ದು ರೈತನಿಗೆ. ಇದಕ್ಕೆ ಸೆಮಿನಾರುಗಳಲ್ಲಿ ‘ಪಾರದರ್ಶಕ ಮೌಲ್ಯಸರಪಳಿ’ ಎನ್ನುತ್ತಾರೆ.

ಮೂರನೆಯದು ಸಹಭಾಗಿತ್ವದ ನಾಯಕತ್ವ. ಇದನ್ನು ಕಾಣಬೇಕಾದರೆ ವಾರ್ಷಿಕ ಸರ್ವಸಾಧಾರಣ ಸಭೆಗೆ ಹೋಗಬೇಕು. ವ್ಯವಸ್ಥಾಪಕರು ವಿಷಯಪತ್ರಿಕೆಯ ಒಂದೊಂದೇ ಕಲಮು ಓದುತ್ತಾರೆ. ವಾಕ್ಯದ ಕ್ರಿಯಾಪದ ಬರುವುದರೊಳಗೆ ಮುಂದಿನ ಸಾಲಿನಿಂದ ‘ಮಂಜೂರ್, ಮಂಜೂರ್’ ಎಂಬ ಘೋಷ ಏಳುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತು ಸಾಲ ಎಷ್ಟು ಕೋಟಿ ಎಂದು ಕೇಳುತ್ತಾನೆ. ಅಷ್ಟರಲ್ಲಿ ಮೈಕು ಕೆಡುತ್ತದೆ. ರಾಷ್ಟ್ರಗೀತೆಯ ಹೊತ್ತಿಗೆ ಸರಿಹೋಗುತ್ತದೆ.

ನಾಲ್ಕರಿಂದ ಏಳರವರೆಗಿನ ವಿಧಗಳನ್ನು ಬರೆಯಲು ಕುಳಿತಾಗ ಅದೇ ಮನುಷ್ಯ ಬೇರೆ ಬೇರೆ ಬಣ್ಣದ ಫೇಟಾ ಸುತ್ತಿಕೊಂಡು ಮತ್ತೆ ಮತ್ತೆ ಬರುತ್ತಿರುವುದು ಕಂಡುಬಂದದ್ದರಿಂದ ವರ್ಗೀಕರಣವನ್ನು ಇಲ್ಲಿಗೆ ನಿಲ್ಲಿಸಲಾಗಿದೆ. ಮುಂಜಾನೆ ಕಾರ್ಖಾನೆ, ಮಧ್ಯಾಹ್ನ ಬ್ಯಾಂಕು, ಸಂಜೆ ಶಿಕ್ಷಣ ಸಂಸ್ಥೆ, ಐದು ವರ್ಷಕ್ಕೊಮ್ಮೆ ಮತಯಾಚನೆ. ಒಬ್ಬನನ್ನೇ ಎಷ್ಟು ವಿಧ ಮಾಡುವುದು?

ಕ್ಷೇತ್ರಕಾರ್ಯದ ಭಾಗವಾಗಿ ಒಂದು ‘ನಾಯಕತ್ವ ಶಿಬಿರ’ದಲ್ಲಿ ಕುಳಿತದ್ದುಂಟು. ಎಲ್ಲಿ, ಯಾರದ್ದು ಎಂಬುದು ಬೇಡ. ಕೋಟಿಗೆ ಮೈಕು ಸಿಕ್ಕಿಸಿಕೊಂಡ ಸಲಹೆಗಾರರು ದೂರದ ನಗರದಿಂದ ಬಂದಿದ್ದರು. ವಿಷನ್ ಎಂದರು, ಮಿಷನ್ ಎಂದರು, ಸಿನರ್ಜಿ ಎಂದರು. ಕಂಫರ್ಟ್ ಝೋನ್ ಬಿಟ್ಟು ಹೊರಬನ್ನಿ ಎಂದು, ರಾತ್ರಿ ಎರಡಕ್ಕೆ ಕರೆಂಟ್ ಬಂದಾಗ ಎದ್ದು ನೀರು ಹಾಯಿಸಲು ಹೋಗುವ ಜನರಿಗೆ ಹೇಳಿದರು. ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಕೈಯೆತ್ತಿದರು. “ಸಾಹೇಬ್ರ, ಹೋದ ಹಂಗಾಮಿನ ಬಾಕಿ ಯಾವಾಗ ಬರತೈತ್ರಿ?” ಸಲಹೆಗಾರರ ಮುಖ ಅರಳಿತು. ಬಹಳ ಒಳ್ಳೆಯ ಪ್ರಶ್ನೆ, ಸದ್ಯಕ್ಕೆ ಇದನ್ನು ಪಾರ್ಕಿಂಗ್ ಲಾಟ್‌ನಲ್ಲಿ ಇಡೋಣ ಎಂದು ಹಲಗೆಯ ಮೂಲೆಯಲ್ಲಿ ಒಂದು ಚೌಕ ಬರೆದು, ಅದರೊಳಗೆ ‘ಬಾಕಿ’ ಎಂದು ಗೀಚಿದರು. ಹಿರಿಯರು ಕಿಟಕಿಯಾಚೆ ನೋಡಿ ಹೇಳಿದರು: “ಅಲ್ಲಿ ಜಾಗಾ ಇಲ್ರಿ ಸಾಹೇಬ್ರ. ನಿನ್ನಿಂದ ನಮ್ಮ ಟ್ರ್ಯಾಕ್ಟರ್ ಅಲ್ಲೇ ನಿಂತೈತಿ.”

ಮಾನವ ಸಂಪನ್ಮೂಲ ಕುರಿತು ಒಂದು ಅಧ್ಯಾಯ ಇರಲೇಬೇಕು. ಕಬ್ಬು ಕಡಿಯುವ ಟೋಳಿಗಳು ಬಹುತೇಕ ಮಹಾರಾಷ್ಟ್ರದ ಬೀಡ್ ಕಡೆಯಿಂದ ಬರುತ್ತವೆ. ಗುತ್ತಿಗೆದಾರ ಮುಕಾದಮನಿಂದ ಮುಂಗಡ ಪಡೆದು, ಎಳೆ ಮಕ್ಕಳನ್ನು ಕಟ್ಟಿಕೊಂಡು ಬಂದು, ಕಾರ್ಖಾನೆಯ ಆಸುಪಾಸಿನಲ್ಲಿ ಗುಡಿಸಲು ಹಾಕುತ್ತಾರೆ. ಅಲ್ಲಿ ಲೆಕ್ಕದ ಘಟಕ ಮನುಷ್ಯನಲ್ಲ. ಗಂಡ ಹೆಂಡತಿ ಸೇರಿದರೆ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು. ಹೆಂಡತಿ ಒಂದು ದಿನ ಮಲಗಿದರೆ ಕುಡುಗೋಲು ಅರ್ಧವಾಗುತ್ತದೆ, ದಂಡ ಬೀಳುತ್ತದೆ. ಹೀಗೆ ರಜೆ ಹಾಕಲಾಗದೆ ಬೀಡಿನ ಎಷ್ಟೋ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಆ ಅಧ್ಯಾಯಕ್ಕೆ ನಾನು ‘ಪ್ರತಿಭಾ ನಿರ್ವಹಣೆ’ ಎಂದು ಶೀರ್ಷಿಕೆ ಬರೆದಿಟ್ಟಿದ್ದೆ. ಅದರ ಕೆಳಗೆ ಹಾಸ್ಯ ಮುಂದುವರಿಯಲಿಲ್ಲ.

ಧುರೀಣರ ಪಕ್ಷವನ್ನೂ ಮಂಡಿಸುವುದು ನ್ಯಾಯ. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂಪಾಯಿ ಮಾಡಿದ ಕೇಂದ್ರ, ಆಮೇಲೆ ಆರು ವರ್ಷ ಕಳೆದರೂ ಅದನ್ನು ಅಲ್ಲಾಡಿಸಲಿಲ್ಲ. ಅದೇ ಅವಧಿಯಲ್ಲಿ ಎಫ್‌ಆರ್‌ಪಿ ಕ್ವಿಂಟಲಿಗೆ 275ರಿಂದ 355ಕ್ಕೆ ಹೋಯಿತು. ಎಥೆನಾಲ್ ಮಾಡಿ ಎಂದು ಹುರಿದುಂಬಿಸಿ, ಸಾಲ ಮಾಡಿ ಘಟಕ ಹಾಕಿಸಿ, 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಕೂಡದೆಂದು ಏಕಾಏಕಿ ಆದೇಶ ಬಂತು. ಸ್ವಲ್ಪ ದಿನಕ್ಕೆ ಅದೂ ಸಡಿಲವಾಯಿತು. ಕಾರ್ಖಾನೆಯನ್ನು ದಿಲ್ಲಿ ಕಾಯಿಸುತ್ತದೆ, ಒಪ್ಪೋಣ. ಆದರೆ ದಿಲ್ಲಿ ಕಾಯಿಸಿದ್ದು ಕಾರ್ಖಾನೆಯಲ್ಲಿ ನಿಲ್ಲುವುದಿಲ್ಲ. ಇಳಿದು ಇಳಿದು ಗೇಟಿನ ಹೊರಗೆ ನಿಂತವನ ತಲೆಗೆ ಬರುತ್ತದೆ. ಅವನ ಕೆಳಗೆ ಟೋಳಿಯಿದೆ.

ಇತಿಹಾಸದಿಂದ ಪ್ರಕರಣಗಳನ್ನು ಕೊಡಬೇಕೆಂದು ಸಂಶೋಧನಾ ವಿಧಾನ ಹೇಳುತ್ತದೆ. 1981ರ ಮಾರ್ಚ್ 14ರಂದು ತಂಬಾಕಿಗೆ ನ್ಯಾಯದ ಬೆಲೆ ಬೇಕೆಂದು ರೈತರು ಶರದ್ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ಹೆದ್ದಾರಿಯ ಮೇಲೆ ಕುಳಿತರು. ಮೂರು ವಾರ ಕುಳಿತೇ ಇದ್ದರು. ಏಪ್ರಿಲ್ 6ರಂದು ಗೋಲೀಬಾರು ಆಯಿತು, 12 ಮಂದಿ ಸತ್ತರು. ಆಡಳಿತ ನಿರ್ವಹಣೆಯ ಪಠ್ಯಗಳಲ್ಲಿ ಇಂಥದ್ದಕ್ಕೆ ‘ಸಂವಹನದ ಕೊರತೆ’ ಎನ್ನುವುದು ರೂಢಿ. ಏನು ಕೊರತೆ? ಬೆಲೆ ಎಷ್ಟು ಬೇಕೆಂದು ಅವರು ಮೂರು ವಾರ ಕೂಗಿ ಹೇಳಿದ್ದರು. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? 2013ರ ನವೆಂಬರಿನಲ್ಲಿ ಬೆಳಗಾವಿಯ ಅಧಿವೇಶನ ನಡೆದಾಗ, ಸುವರ್ಣಸೌಧದ ಬಳಿಯ ಪ್ರತಿಭಟನೆಯಲ್ಲಿ ಕಬ್ಬು ಬೆಳೆಗಾರರೊಬ್ಬರು ವಿಷ ಕುಡಿದು ಪ್ರಾಣ ಬಿಟ್ಟರು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳುತ್ತ ದಿನಗಟ್ಟಲೆ ರಸ್ತೆಯಲ್ಲೇ ಉಂಡು ರಸ್ತೆಯಲ್ಲೇ ಮಲಗಿದರು. ಮುಖ್ಯಮಂತ್ರಿ 3,300ಕ್ಕೆ ಒಪ್ಪಂದ ಮಾಡಿಸಬೇಕಾಯಿತು. ಕಾನೂನಿನಲ್ಲಿ 14 ದಿನ ಎಂದು ಬರೆದಿಟ್ಟ ನಾಡಿನಲ್ಲಿ, ದರ ಗೊತ್ತಾಗಬೇಕಾದರೆ ಪ್ರತಿ ಹಂಗಾಮಿಗೂ ಯಾರಾದರೂ ರಸ್ತೆಯ ಮೇಲೆ ಮಲಗಬೇಕು. ಇದನ್ನು ‘ಸವಾಲು’ ಎಂದು ಕರೆದು ಸ್ಲೈಡ್ ಮಾಡಿ ತೋರಿಸುವವರ ಬಗ್ಗೆ ನನಗೆ ಸಿಟ್ಟಿದೆ.

ಈಗ ಶೈಲಿಗೆ ಮರಳುವುದು ನಿಯಮ. ಮರಳುವುದಿಲ್ಲ.

1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದಾಗ ಅವರ ಬಳಿ ವಿಷನ್ ಡಾಕ್ಯುಮೆಂಟ್ ಇರಲಿಲ್ಲ. ಸಾಹುಕಾರನ ಕಟ್ಟೆಯ ಮೇಲೆ ಟೊಪ್ಪಿಗೆ ಕೈಯಲ್ಲಿ ಹಿಡಿದು ಕಾಯುವುದು ಸಾಕು ಎಂಬ ಒಂದೇ ಮಾತಿತ್ತು. ಅದೇ ಮಾತಿನ ಮೇಲೆ ಆಮೇಲೆ ಈ ಸೀಮೆಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳು ಎದ್ದವು. ಹೆಂಡತಿಯ ಮೈಮೇಲಿನ ಬಂಗಾರ ಒತ್ತೆಯಿಟ್ಟು ಶೇರು ತೆಗೆದುಕೊಂಡವರ ಮನೆಗಳು ಈಗಲೂ ಇವೆ. ಆ ಶೇರಿನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕಕ್ಕೆ ತೂಗಿಸಿದ್ದಾರೆ. ಕಾಗದದ ಪ್ರಕಾರ ಶೇರುದಾರನೇ ಕಾರ್ಖಾನೆಯ ಒಡೆಯ. ಒಡೆಯ ಡಿಸೆಂಬರಿನಲ್ಲಿ ಮೋಟರ್‌ಸೈಕಲ್ ಹತ್ತಿ, ಕಟಾವಿನ ಚೀಟಿ ಕೊಡುವ, ತನ್ನ ಮೊಮ್ಮಗನ ವಯಸ್ಸಿನ ಸ್ಲಿಪ್‌ಬಾಯ್‌ನ ಮನೆ ಹುಡುಕಿಕೊಂಡು ಹೋಗಿ, “ಸಾಹೇಬ್ರ, ಈ ವಾರಾರ ನಮ್ಮ ಹೊಲಕ್ಕ ಟೋಳಿ ಕಳಸ್ರಿ” ಎಂದು ಕೈಮುಗಿಯುತ್ತಾನೆ. ಟೋಳಿಗೆ ‘ಖುಷಿ’ ಎಂದು ರೊಕ್ಕ ಕೊಡುತ್ತಾನೆ, ಡ್ರೈವರಿಗೆ ಊಟದ ರೊಕ್ಕ ಕೊಡುತ್ತಾನೆ. ಒಡೆತನದ ಗುರುತಾಗಿ ದೀಪಾವಳಿಗೆ ಅವನಿಗೆ ರಿಯಾಯಿತಿ ದರದಲ್ಲಿ ಸಕ್ಕರೆ ಸಿಗುತ್ತದೆ. ಅದಕ್ಕೂ ಸರದಿ ಇದೆ.

ಅನುಬಂಧ: ಎಂಬಿಎ ವಿದ್ಯಾರ್ಥಿಗಳಿಗೆ ಪ್ರಶ್ನೆ.

ಕೊಗನೊಳ್ಳಿಯ ರೈತರೊಬ್ಬರಿಗೆ ಒಂದು ಎಕರೆ ಕಬ್ಬಿದೆ. ಹದಿನಾಲ್ಕು ತಿಂಗಳು ತುಂಬಿದೆ. ಶೇರು ಇರುವ ಕಾರ್ಖಾನೆಯಲ್ಲಿ ಅವರ ಸರದಿ ಫೆಬ್ರವರಿಗೆ. ಹೊಳೆಯಾಚೆಯ ಕಾರ್ಖಾನೆ ಮುಂದಿನ ವಾರವೇ ಒಯ್ಯುತ್ತದೆ; ಆದರೆ ಅಲ್ಲಿ ಇವರು ಸದಸ್ಯರಲ್ಲ, ಜಯಸಿಂಗಪುರದಲ್ಲಿ ರೈತರ ಊಸ್ ಪರಿಷತ್ತು, ಅಂದರೆ ಕಬ್ಬಿನ ಸಮಾವೇಶ, ಮುಗಿದು ಅಲ್ಲಿಯ ದರ ನಿಕ್ಕಿಯಾಗುವುದನ್ನು ಇಲ್ಲಿಂದಲೇ ಕಾಯಬೇಕು. ಬೆಂಕಿ ಹಚ್ಚಿದರೆ ರವದಿ ಸುಟ್ಟು ಕಡಿಯಲು ಸಲೀಸು, ಟೋಳಿ ನಾಳೆಯೇ ಬರುತ್ತದೆ. ಸುಟ್ಟ ಕಬ್ಬೆಂದು ಬಿಲ್ಲಿನಲ್ಲಿ ಕಡಿತವಾಗುತ್ತದೆ. ಗಾಣಕ್ಕೆ ಹಾಕಿದರೆ ರೊಕ್ಕ ಬೇಗ ಕೈಗೆ ಬರುತ್ತದೆ. ಬೆಲ್ಲದ ದರ ಹರಾಜಿನ ದಿನಕ್ಕೆ ಬಿಟ್ಟದ್ದು. ಸೊಸೈಟಿಯ ಬಡ್ಡಿಯಿಲ್ಲದ ಸಾಲಕ್ಕೆ ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಕುಳೆ ಬಿಡಬೇಕೋ, ಕಿತ್ತು ಹೊಸದಾಗಿ ಹಚ್ಚಬೇಕೋ. ಹಚ್ಚುವುದಾದರೆ ತೂಕ ಕೊಡುವ 265 ತಳಿಯೋ, ಕಾರ್ಖಾನೆಗೆ ಪ್ರಿಯವಾದ 86032 ತಳಿಯೋ ಎಂಬುದೂ ಇದೇ ತಿಂಗಳು ಇತ್ಯರ್ಥವಾಗಬೇಕು. ರೈತರಿಗೆ ಸಲಹೆಗಾರರಿಲ್ಲ. ನಿರ್ಧಾರ ತಪ್ಪಿದರೆ ಮುಂದಿನ ವರ್ಷದ ಖಾತೆಗೆ ದಾಟಿಸಲು ಬರುವುದಿಲ್ಲ.

ಇವರ ವ್ಯೂಹಾತ್ಮಕ ನಿರ್ಧಾರ ಏನಿರಬೇಕೆಂದು ಸಕಾರಣವಾಗಿ ಬರೆಯಿರಿ. ಪಾರ್ಕಿಂಗ್ ಲಾಟ್ ಬಳಸುವಂತಿಲ್ಲ. ಉತ್ತರ ಸರಿಯಿದ್ದವರಿಗೆ ಮೊದಲ ಕಂತಿನ ಅಂಕಗಳನ್ನು ಈಗ ಕೊಡಲಾಗುವುದು. ಉಳಿದದ್ದು ಹಂಗಾಮು ಮುಗಿದ ಮೇಲೆ ಆಡಳಿತ ಮಂಡಳಿಯ ತೀರ್ಮಾನದಂತೆ.